ಕೊರಿಯಾಗೂ ನಮಗೂ ಏನು ಸಂಬಂಧ?

ನಿನ್ನೆ ಮಡಿಕೇರಿಯಲ್ಲಿ ದೊಡ್ಡಪ್ಪನ ಮಗನ ಮನೆ ಗೃಹಪ್ರವೇಶ ಇತ್ತು. ಊಟದ ಪಂಕ್ತಿಯಲ್ಲಿ ಕೇಳಿದ ಮಾತುಗಳು ಇನ್ನೂ ಚುಚ್ಚುತ್ತಿವೆ. ಬರೆಯದೆ ಸಮಾಧಾನ ಇಲ್ಲ, ಉದ್ದ ಆದರೂ ಓದಿ.

ಅಣ್ಣನ ಮಗಳಿಗೆ ಪಿಯುಸಿ ಮುಗಿಯಿತು. ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ಕೊರಿಯನ್ ಬಿ.ಎ.ಗೆ ಸೀಟು ಗಿಟ್ಟಿಸಿಕೊಂಡಿದ್ದಾಳೆ. ಹೋಳಿಗೆಗೆ ತುಪ್ಪ ಬಡಿಸುತ್ತಾ ಬಂದವರೊಬ್ಬರು ಅವಳ ಎಲೆಯ ಮುಂದೆ ನಿಂತು, "ಅದನ್ನ ಓದಿ ಏನ್ ಮಾಡ್ತೀಯಮ್ಮಾ?" ಅಂದರು. ಪಕ್ಕದವರು, "ಈಗ ಮೊಬೈಲೇ ಭಾಷಾಂತರ ಮಾಡತ್ತಲ್ಲ." ಎದುರು ಸಾಲಿನಿಂದ ಇನ್ನೊಬ್ಬರು, "ಕೊರಿಯಾಗೂ ನಮಗೂ ಏನು ಸಂಬಂಧ? ಎಲ್ಲ ಸೀರಿಯಲ್ ನೋಡಿ ಹತ್ತಿದ ಹುಚ್ಚು." ಹುಡುಗಿ ತಲೆ ಎತ್ತಲಿಲ್ಲ. ಕೋಸಂಬರಿಯ ಬೇಳೆಗಳನ್ನು ಒಂದೊಂದೇ ಎಲೆಯ ಅಂಚಿಗೆ ಸರಿಸುತ್ತಾ ಕೂತಿದ್ದಳು.

ಈ ಮಾತು ಬಂದದ್ದು ಜನರಲ್ ತಿಮ್ಮಯ್ಯನವರ ಊರಿನಲ್ಲಿ! ಅವರ ಪ್ರತಿಮೆಯ ಮುಂದೆ ದಿನಾ ಓಡಾಡುವ ಜನರ ಬಾಯಲ್ಲಿ! 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಸಾವಿರಾರು ಸೆರೆಯಾಳುಗಳನ್ನು ಏನು ಮಾಡುವುದು ಅಂತ ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿ ಹೋದದ್ದು ಇದೇ ತಿಮ್ಮಯ್ಯ. ಕೊನೆಗೆ ಈ ಕಡೆಯೂ ಬೇಡ, ಆ ಕಡೆಯೂ ಬೇಡ ಅಂದ 88 ಮಂದಿ, ಸೆರೆಯಾಳುಗಳ ಕಾವಲಿಗೆ ಹೋಗಿದ್ದ ನಮ್ಮ ಸೈನಿಕರ ಜೊತೆಯಲ್ಲೇ ಭಾರತಕ್ಕೆ ಬಂದರು. ಹುಟ್ಟಿದ ಮಣ್ಣಿಗೇ ಬೆನ್ನು ತಿರುಗಿಸಿ ಬರಬೇಕಾದರೆ ಅವರ ಎದೆಯಲ್ಲಿ ಏನಿತ್ತು? ಅವರ ಭಾಷೆ, ಅವರ ಊರು, ಅವರ ಮನೆತನಗಳನ್ನು ಬಲ್ಲವರಿಗೆ ಮಾತ್ರ ಅದು ಒಂದಿಷ್ಟು ತಿಳಿದೀತು. ಅದನ್ನು ಓದುತ್ತೇನೆ ಅಂತ ಕೊಡಗಿನ ಹುಡುಗಿಯೊಬ್ಬಳು ಹೊರಟರೆ ನಾವು ಕೇಳುವುದು ಏನು ಸಂಬಂಧ ಅಂತ.

ನಾವೆಲ್ಲ ಬಾಸ್ಟಿಲ್ ಕೋಟೆ ಬಿದ್ದ ದಿನಾಂಕವನ್ನು ಉರು ಹೊಡೆದವರು. ಬಿಸ್ಮಾರ್ಕ್, ಗ್ಯಾರಿಬಾಲ್ಡಿ ಬಗ್ಗೆ ಐದು ಅಂಕದ ಉತ್ತರ ಬರೆದವರು. ಆಗ ಯಾರೂ ಏನು ಸಂಬಂಧ ಅಂತ ಕೇಳಲಿಲ್ಲ. ಕೊರಿಯಾವನ್ನು 1910ರಿಂದ ಜಪಾನ್ ಆಳಿತು, ಶಾಲೆಗಳಿಂದ ಅವರ ಭಾಷೆಯನ್ನೇ ಹೊರಗಟ್ಟಿತು, ಅವರಿಗೂ ಬಿಡುಗಡೆ ಸಿಕ್ಕಿದ್ದು ಆಗಸ್ಟ್ 15ರಂದೇ, 1945ರಲ್ಲಿ. ಪ್ರತಿ ವರ್ಷ ನಾವು ಧ್ವಜ ಹಾರಿಸುವ ದಿನವೇ ಅವರೂ ಹಾರಿಸುತ್ತಾರೆ. ನಿನ್ನೆಯ ಪಂಕ್ತಿಯಲ್ಲಿ ಇದು ಗೊತ್ತಿದ್ದದ್ದು ಆ ಹುಡುಗಿಗೆ ಒಬ್ಬಳಿಗೇ ಇರಬೇಕು.

ಹೊಟ್ಟೆಪಾಡು ಮುಖ್ಯ ಅಲ್ಲವಾ ಅಂತ ಕೇಳುತ್ತೀರಿ. ಮುಖ್ಯವೇ. ಇಪ್ಪತ್ತು ವರ್ಷದಿಂದ ನಾನು ಜಪಾನೀಸ್ ದುಭಾಷಿಯಾಗಿ ಉಣ್ಣುತ್ತಿರುವುದು ನಿಮಗೆ ಗೊತ್ತೇ ಇದೆ. ಮೊಬೈಲ್ ಮಾತಿಗೂ ಉತ್ತರ ಇದೆ. ಮೀಟಿಂಗಿನಲ್ಲಿ ಜಪಾನಿನವರು 'ಕೆಂತೋ ಶಿಮಾಸ್' ಅಂದರೆ ಮೊಬೈಲ್ 'ಪರಿಶೀಲಿಸುತ್ತೇವೆ' ಅಂತ ತೋರಿಸುತ್ತದೆ, ನಮ್ಮವರು ಖುಷಿಯಿಂದ ವಾರಗಟ್ಟಲೆ ಕಾಯುತ್ತಾರೆ. ಎಷ್ಟೋ ಸಲ ಅದರ ಅರ್ಥ 'ಆಗುವುದಿಲ್ಲ' ಅಂತ. ಎದುರಿನವರ ಮುಖ ಮುರಿಯದೆ ಬೇಡ ಅನ್ನುವ ರೀತಿ ಅದು. ಇದೆಲ್ಲ ಸರಿ. ಆದರೆ ಒಂದು ಜನಸಮುದಾಯವನ್ನು ತಿಳಿಯಬೇಕು ಅನ್ನುವ ಆಸೆಗೆ ಸಂಬಳದ ಚೀಟಿಯನ್ನೇ ಯಾಕೆ ಅಂಟಿಸಬೇಕು?

ನಿದ್ದೆ ಕೆಡಿಸಿದ್ದು ಅವರ ಮಾತಿಗಿಂತ ನನ್ನದು. ಎಲ್ಲರೂ ನನ್ನ ಕಡೆ ತಿರುಗಿ, "ನೀನೂ ಅಂಥದ್ದೇ ಓದಿದವಳಲ್ವಾ, ಹೇಳು" ಅಂದಾಗ ನಾನು ಹೇಳಿದ್ದು ಇಷ್ಟೇ: "ಬೆಂಗಳೂರಿನಲ್ಲಿ ಒಳ್ಳೆ ಕೆಲಸ ಸಿಗತ್ತೆ, ಸಂಬಳ ಚೆನ್ನಾಗಿದೆ." ತಲೆಯಾಡಿಸಿ ಎಲ್ಲರೂ ಪಾಯಸಕ್ಕೆ ಕೈ ಹಾಕಿದರು. ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು. ಆ ನೋಟ ಮರೆಯಲಾಗುತ್ತಿಲ್ಲ. ನನ್ನ ಮೂರು ವರ್ಷದ ಓದನ್ನು ನಾನೇ ಅಗ್ಗಕ್ಕೆ ಮಾರಿದ ಹಾಗಾಯಿತು.

ರಾತ್ರಿ ಹನ್ನೊಂದಕ್ಕೆ ಅವಳ ಮೆಸೇಜ್ ಬಂತು: "ಅತ್ತೆ, ನಿಮಗೆ ಮೊದಲ ವಾರ ಏನು ಕಲಿಸಿದ್ರು?" ಇಡೀ ದಿನ ಯಾರೊಬ್ಬರೂ ಕೇಳದ ಪ್ರಶ್ನೆ. ತಕ್ಷಣ ಫೋನ್ ಮಾಡಿದೆ.

ಜಪಾನೀ ಅಕ್ಷರಮಾಲೆಯ ಕಥೆ ಹೇಳಿದೆ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳಿಂದ ಬಂದ ಜೋಡಣೆ, ನಮ್ಮ ವರ್ಣಮಾಲೆಯದೇ ಸಾಲು. ಆದರೆ ನ ಮತ್ತು ಮ ನಡುವೆ ಹ ಯಾಕೆ ಕೂತಿದೆ? ಅಲ್ಲಿ ಪ ಇರಬೇಕಿತ್ತಲ್ಲ? ಇತ್ತು. ಹಳೇ ಜಪಾನೀಸಿನ ಪಕಾರವೇ ಕಾಲ ಕಳೆದಂತೆ ಹಕಾರ ಆದದ್ದು. ಹೂವಿಗೆ ಈಗ 'ಹನ' ಅನ್ನುತ್ತಾರೆ, ಹಿಂದೆ ಅದು 'ಪನ'. ನಮ್ಮಲ್ಲಿ ಹಳಗನ್ನಡದ 'ಪೂ' ಹೂವಾಯಿತಲ್ಲ, 'ಪಾಲ್' ಹಾಲಾಯಿತಲ್ಲ, ಹಾಗೇ. ಎರಡು ಭಾಷೆಗೂ ನೆಂಟಸ್ತನ ಇಲ್ಲ, ಆದರೂ ಎರಡರ ನಾಲಿಗೆಯೂ ಒಂದೇ ದಾರಿ ಹಿಡಿಯಿತು. ಹದಿನೆಂಟನೇ ವಯಸ್ಸಿನಲ್ಲಿ ಇದನ್ನು ಕೇಳಿದ ದಿನ ನಾನು ಹಾಸ್ಟೆಲ್‌ಗೆ ಓಡಿಕೊಂಡೇ ಹೋಗಿದ್ದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕೊರಿಯನ್‌ನಲ್ಲಿ ಹೂವಿಗೆ 'ಕ್ಕೊತ್' ಅಂತಾರೆ ಅತ್ತೆ. ಅದು ಮುಂಚೆ ಏನಿತ್ತು?"

"ಹೋಗಿ ಓದ್ಕೊಂಡು ಬಂದು ನೀನೇ ನನಗೆ ಹೇಳು ಕಣೆ" ಅಂದೆ.