ಸ್ಪಷ್ಟನೆ: ‘ಎಲ್ಲರಿಗೂ ಮೆಡಿಕೇರ್’ ಇನ್ನೂ ಕಾನೂನಾಗಿಲ್ಲ

ಸಿಯಾಟಲ್‌ನಿಂದ ಅಮೆರಿಕ ಸಂಸತ್ತಿನ ಕೆಳಮನೆಗೆ ಸ್ಪರ್ಧಿಸಿ ಗೆದ್ದ ಪ್ರಮೀಳಾ ಜಯಪಾಲ್ ಅವರ ‘ಎಲ್ಲರಿಗೂ ಮೆಡಿಕೇರ್’ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಅನ್ನು ಎಲ್ಲರಿಗೂ ವಿಸ್ತರಿಸುವ) ಯೋಜನೆ ಜಾರಿಯಾಗಿದ್ದು, ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ತಂದೆತಾಯಿಗೂ ಉಚಿತ ಚಿಕಿತ್ಸೆ ಸಿಗುತ್ತದೆ ಎಂಬ ಸಂದೇಶವನ್ನು ನಾನೂ ಹಂಚಿದ್ದೆ, ಅದು ತಪ್ಪು. 2019ರಲ್ಲಿ ಅವರು ಮಂಡಿಸಿ, 2021 ಮತ್ತು 2023ರಲ್ಲಿ ಮತ್ತೆ ತಂದ ಆ ಮಸೂದೆ ಸದನದಲ್ಲಿ ಮತಕ್ಕೇ ಬರಲಿಲ್ಲ. ಮೇಲಾಗಿ, ಮಸೂದೆಯ ಪಠ್ಯವು ಸೌಲಭ್ಯದ ಹಕ್ಕನ್ನು ಕೊಡುವುದು ಅಮೆರಿಕದ ನಿವಾಸಿಗಳಿಗೆ. ಚಿಕಿತ್ಸೆಗೆಂದೇ ಬರುವವರನ್ನು ನಿರುತ್ತೇಜಿಸಬೇಕೆಂದೂ ಅದರಲ್ಲಿದೆ. ಈಗಿರುವ ಮೆಡಿಕೇರ್ ಮುಖ್ಯವಾಗಿ 65 ತುಂಬಿದವರಿಗೆ ಮತ್ತು ಕೆಲವು ಅಂಗವಿಕಲರಿಗೆ ಮಾತ್ರ. ಅಲ್ಲಿ ಒಂದು ದಿನದ ಆಸ್ಪತ್ರೆವಾಸವೂ ಬಹಳ ದುಬಾರಿಯಾದ್ದರಿಂದ, ಇದನ್ನು ನಂಬಿ ಹಿರಿಯರ ಪ್ರಯಾಣ ವಿಮೆಯನ್ನು ದಯವಿಟ್ಟು ಕೈಬಿಡಬೇಡಿ. ಆ ಸಂದೇಶವನ್ನು ಮುಂದೆ ಕಳಿಸುವುದನ್ನು ನಿಲ್ಲಿಸಿ, ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನು ತಲುಪಿಸಿ.