ನೀಲಿ ಲೈಟ್ ಹತ್ತಿದೆ ಅಂದ್ರೆ ನೀರು ಶುದ್ಧ ಆಯ್ತು ಅಂತ ಅಲ್ಲ

ಹೋದ ಮಳೆಗಾಲದಲ್ಲಿ ನನ್ನ ಮಗಳಿಗೆ ಮೂರು ದಿನ ವಾಂತಿ, ಭೇದಿ. ಡಾಕ್ಟರ್ ಮೊದಲು ಕೇಳಿದ್ದೇ "ಮನ್ಯಾಗ ಯಾವ ನೀರು ಕುಡೀತೀರಿ?" ಅಂತ. "ಫಿಲ್ಟರ್ ನೀರು ಸರ್, ಯುವಿ ಐತ್ರಿ" ಅಂದೆ. ಹಾಗೆ ಹೇಳುವಾಗ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ಯುವಿ ಅಂದ್ರೆ ಅತಿನೇರಳೆ ಬೆಳಕು, ಅದನ್ನು ಹಾಯಿಸಿ ನೀರಿನ ರೋಗಾಣು ಅಡಗಿಸುವ ಮಷಿನ್. ಮೂರು ವರ್ಷದಿಂದ ಅಡುಗೆಮನೆ ಗೋಡೆ ಮೇಲೆ ಅದು ಇದೆ. ಸ್ವಿಚ್ ಹಾಕಿದರೆ ನೀಲಿ ಲೈಟ್ ಹತ್ತುತ್ತದೆ. ಇನ್ನೇನು ಬೇಕು ಅಂದುಕೊಂಡಿದ್ದೆ.

ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ "ನಾಳೆ ಬರ್ತೀವ್ರಿ" ಅಂತ ನಾಲ್ಕು ದಿನ ಕಳೆದರು. ಕೊನೆಗೆ ವೈರಿಂಗ್ ಕೆಲಸ ಮಾಡುವ ನನ್ನ ಮೈದುನ ಪ್ಲಗ್ ಕಿತ್ತು ಮಷಿನ್ ಬಿಚ್ಚಿದ. ಒಳಗೆ ಉದ್ದನೆಯ ಲ್ಯಾಂಪ್. ಅದಕ್ಕೆ ನೀರು ತಾಗದ ಹಾಗೆ ಸುತ್ತಲೂ ಕ್ವಾರ್ಟ್ಜ್ ಗಾಜಿನ ಕೊಳವೆ. ಆದರೆ ಅದು ಗಾಜು ಅಂತ ಗೊತ್ತಾಗುವ ಹಾಗೇ ಇರಲಿಲ್ಲ. ಸ್ನಾನದ ಹಂಡೆಯೊಳಗೆ ಕಟ್ಟುತ್ತದಲ್ಲ ಬಿಳಿ ಸುಣ್ಣ, ಅದು ಉದ್ದಕ್ಕೂ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು.

"ಇಲ್ನೋಡ್ರಿ ವೈನಿ, ಲೈಟ್ ಹತ್ತೈತಿ ಖರೆ, ಬೆಳಕಿಗೆ ಹೊರಗ ಬರಾಕ ಹಾದೀನ ಇಲ್ಲ" ಅಂದ.

ಮಗಳಿಗೆ ಆರಾಮ ತಪ್ಪಿದ್ದು ಇದರಿಂದಲೇ ಅಂತ ನಾನು ಹೇಳಲಾರೆ. ಮಳೆಗಾಲದಲ್ಲಿ ಮಕ್ಕಳು ಎಲ್ಲಿ ಏನು ತಿಂದಿರುತ್ತಾರೋ. ಆದರೆ ಮೂರು ವರ್ಷ ನಾನು ಯಾವುದನ್ನು ನಂಬಿ ಮಕ್ಕಳಿಗೆ ನೀರು ಕೊಟ್ಟೆ ಅನ್ನೋದು ಅವತ್ತು ಗೊತ್ತಾಯಿತು. ಬೇಸಿಗೆಯಲ್ಲಿ ನಮ್ಮ ಓಣಿಗೆ ನಳದ ನೀರು ತಡವಾದಾಗ ಟಾಕಿಗೆ ಬೋರಿನ ನೀರು ಬಿಡುತ್ತೇವೆ. ಅದರಲ್ಲಿ ಬೇಳೆ ಕೂಡ ಸರಿಯಾಗಿ ಬೇಯುವುದಿಲ್ಲ, ಅಷ್ಟು ಗಡಸು. ಅದೇ ನೀರು ಗಾಜಿನ ಮೇಲೆ ಸುಣ್ಣ ಕಟ್ಟಿಸಿತ್ತು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಕೆಲಸ ಮಾಡುವ ಬೆಳಕು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ! ಅದರ ಅಲೆಯುದ್ದ ಸುಮಾರು 254 ನ್ಯಾನೋಮೀಟರ್. ನಮಗೆ ಕಾಣುವ ನೀಲಿ ಬಣ್ಣ ಅದರ ಜೊತೆಗೆ ಬರುವ ಬೇರೆ ಬೆಳಕು. ಲ್ಯಾಂಪ್ ಹಳೆಯದಾದ ಹಾಗೆ ಕಾಣದ ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ, ನೀಲಿ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ ಎಂಟು ಒಂಬತ್ತು ಸಾವಿರ ಗಂಟೆಗೆ ಲ್ಯಾಂಪ್ ಬದಲಿಸಬೇಕು ಅನ್ನುತ್ತಾರೆ. ಸದಾ ಹತ್ತಿರುವ ಲ್ಯಾಂಪ್ ಆದರೆ ವರ್ಷಕ್ಕೊಮ್ಮೆ. ನಮ್ಮದು ಒಮ್ಮೆಯೂ ಬದಲಾಗಿರಲಿಲ್ಲ.

ಹಾಗಂತ ಯುವಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅದು ನಿಜವಾಗಿ ಒಳ್ಳೆಯ ವಿದ್ಯೆ. ಆ ಬೆಳಕು ರೋಗಾಣುವಿನ ಡಿಎನ್‌ಎಯನ್ನೇ ಕೆಡಿಸುತ್ತದೆ. ಆಮೇಲೆ ಅದು ಒಂದರಿಂದ ಎರಡಾಗಲಾರದು, ನಮ್ಮ ಹೊಟ್ಟೆಗೆ ಹೋದರೂ ಬೆಳೆಯಲಾರದು. ಕ್ಲೋರಿನ್‌ಗೆ ಜಗ್ಗದ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಭೇದಿ ತರುವ ರೋಗಾಣು ಕೂಡ ಇದಕ್ಕೆ ಸೋಲುತ್ತದೆ. ನೀರಿನ ರುಚಿ ಬದಲಾಗುವುದಿಲ್ಲ, ಒಂದು ತೊಟ್ಟೂ ಹಾಳಾಗುವುದಿಲ್ಲ.

1992-93ರಲ್ಲಿ ಬಂಗಾಳದ ಕಡೆ ಹೊಸ ಬಗೆಯ ಕಾಲರಾ ಹಬ್ಬಿತು. ಅದನ್ನು ನೋಡಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿದ್ದ ಅಶೋಕ್ ಗಾಡ್ಗೀಳ್ ಹಳ್ಳಿಗಳಿಗಾಗಿ ಒಂದು ಯುವಿ ಮಷಿನ್ ಮಾಡಿದರು. ನಿಮಿಷಕ್ಕೆ ಸುಮಾರು 15 ಲೀಟರ್ ನೀರು ಕೊಡುತ್ತದೆ. ಅದರಲ್ಲಿ ಲ್ಯಾಂಪ್ ನೀರಿನೊಳಗೆ ಇಲ್ಲ, ಹರಿಯುವ ನೀರಿನ ಮೇಲೆ ತೂಗುತ್ತದೆ. ಸುಣ್ಣ ಕಟ್ಟುವ ಮಾತೇ ಇಲ್ಲ. ನಮ್ಮ ಮನೆಯ ಕೊಳವೆ ನೋಡಿದ ಮೇಲೆ ಇದನ್ನು ಓದಿದಾಗ ಆ ಮನುಷ್ಯ ಎಷ್ಟು ಮುಂದಾಲೋಚನೆ ಮಾಡಿದ್ದಾರೆ ಅನಿಸಿತು.

ನೀರು ತಿಳಿಯಾಗಿರಬೇಕು, ಇದು ಯುವಿಯ ಮುಖ್ಯ ಷರತ್ತು. ರಾಡಿ ಇದ್ದರೆ ರೋಗಾಣು ಮಣ್ಣಿನ ಕಣದ ಮರೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಕೆಸರು ಮೊದಲು ಇಳಿಸಬೇಕು ಅನ್ನೋದು ಹಿಂದಿನವರಿಗೂ ಗೊತ್ತಿತ್ತು. ಇಲ್ಲೇ ನಮ್ಮ ವಿಜಯಪುರದಲ್ಲಿ ಆದಿಲ್‌ಶಾಹಿಗಳು ತೊರವಿಯಿಂದ ಸುರಂಗ ತೋಡಿ ನೀರು ತಂದವರು. ಕೊಳವೆ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಅನ್ನುವ ನೀರಿನ ಗೋಪುರ ಕಟ್ಟಿದರು. ನೀರಿನ ಒತ್ತಡವೂ ಇಳಿಯುತ್ತಿತ್ತು, ಕೆಸರೂ ತಳಕ್ಕೆ ಕೂರುತ್ತಿತ್ತು. ನಾವು ಮಷಿನ್ನಿನ ಮುಂದಿರುವ, ಕೆಸರು ಸೋಸುವ ಕ್ಯಾಂಡಲ್ ಕಪ್ಪಾದರೂ ತೊಳೆಯುವುದಿಲ್ಲ.

ಈಗ ಆರ್‌ಒ, ಅಂದ್ರೆ ನೀರಿನಲ್ಲಿ ಕರಗಿದ ಲವಣವನ್ನೂ ಸಣ್ಣ ಪೊರೆಯಿಂದ ಸೋಸಿ ತೆಗೆಯುವ ಮಷಿನ್ ಮಾರುವವರ ಬಗ್ಗೆ. ನಮ್ಮ ಮನೆಗೂ ಒಬ್ಬರು ಬಂದಿದ್ದರು. ಎರಡು ಲೋಟ ನೀರಿಗೆ ಕಂಬಿ ಅದ್ದಿ ಕರೆಂಟ್ ಕೊಟ್ಟರು. ಅವರ ನೀರು ಹಾಗೇ ಇತ್ತು, ನಮ್ಮ ನಳದ ನೀರು ಗಟಾರದ ನೀರಿನಂತೆ ಕಂದು ಬಣ್ಣಕ್ಕೆ ತಿರುಗಿತು. ಅತ್ತೆ ಹೆದರಿಬಿಟ್ಟರು. ಆ ಬಣ್ಣ ಬಂದದ್ದು ಕಬ್ಬಿಣದ ಕಂಬಿಯಿಂದ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕಂಬಿ ಕರಗುತ್ತದೆ, ಅಷ್ಟೇ. ಲವಣ ಇರುವುದೆಲ್ಲ ಹೊಲಸು ಅಲ್ಲ. ನಿಮ್ಮ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದು, ಬೇರೆ ದೋಷ ಇಲ್ಲ ಅಂದರೆ ಆರ್‌ಒ ಬೇಕಿಲ್ಲ. ಒಂದು ಕೊಡ ಕೊಟ್ಟು ಎರಡು ಮೂರು ಕೊಡ ಗಟಾರಕ್ಕೆ ಬಿಡುವ ಮಷಿನ್ನುಗಳಿವೆ. ನೀರಿಗಾಗಿ ದಿನ ಎಣಿಸುವ ನಮ್ಮಂಥ ಊರಿನಲ್ಲಿ ಸುಮ್ನೆ ಹಾಗೆ ಚೆಲ್ಲುವುದು ನನಗಂತೂ ಹೊಟ್ಟೆ ಉರಿಯುವ ಸಂಗತಿ.

ಆದರೆ ಬೋರಿನ ನೀರೇ ಕುಡಿಯುವ ಹಳ್ಳಿಯ ಮಾತು ಬೇರೆ. ನಮ್ಮ ಜಿಲ್ಲೆಯ ಕೆಲವು ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಯುವಿ ಅದನ್ನು ಮುಟ್ಟುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಅಂಥಲ್ಲಿ ಅದನ್ನು ತೆಗೆಯುವ ಆರ್‌ಒ ಬೇಡ ಅಂತ ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ.

ಹಾಂ, ಯುವಿ ನೀರನ್ನು ಹಿಡಿದು ಹರವಿಯಲ್ಲಿ ತುಂಬಿ ಕೈ ಸಮೇತ ತಂಬಿಗೆ ಅದ್ದಿದರೆ ಮಾಡಿದ್ದೆಲ್ಲ ವ್ಯರ್ಥ. ಕ್ಲೋರಿನ್ ಹಾಗೆ ಆಮೇಲೂ ಕಾಯುವ ಗುಣ ಬೆಳಕಿಗಿಲ್ಲ. ಮತ್ತೆ, ಮಷಿನ್ ಬಿಚ್ಚುವಾಗ ಪ್ಲಗ್ ಕೀಳಲೇಬೇಕು, ಹತ್ತಿದ ಲ್ಯಾಂಪನ್ನು ಬರಿಗಣ್ಣಿನಿಂದ ನೋಡಬಾರದು. ಒಳಗೆ ಪಾದರಸ ಇರುತ್ತದೆ, ಒಡೆಯದ ಹಾಗೆ ಹುಷಾರು.

ಮೈದುನ ಕೊಳವೆಯನ್ನು ಲಿಂಬೆರಸದಲ್ಲಿ ಉಜ್ಜಿ ತೊಳೆದ, ಲ್ಯಾಂಪ್ ಹೊಸದು ಹಾಕಿದ. ಹಾಕಿದ ತಾರೀಕನ್ನು ಮಷಿನ್ ಮೇಲೆ ಮಾರ್ಕರ್‌ನಿಂದ ಮಗಳೇ ಬರೆದಿದ್ದಾಳೆ.

ಅವ್ವನ ಊರಿನಲ್ಲಿ ಈಗಲೂ ಬೋರಿನ ನೀರೇ. ಬರುವ ಸೋಮವಾರ ಅಲ್ಲಿಯ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಡಲು ಹೊರಟಿದ್ದೇನೆ. ವಿಜಯಪುರದ ಸುತ್ತಮುತ್ತ ಇರುವವರು ನಿಮ್ಮ ಬೋರಿನದೂ ಕೊಡುವುದಿದ್ದರೆ ಇನ್‌ಬಾಕ್ಸ್‌ನಲ್ಲಿ ಹೇಳಿ, ಜೊತೆಗೇ ಒಯ್ಯುತ್ತೇನೆ.