539 ಪರ್ಸೆಂಟಂತೆ!

ಅಲ್ಲ ಮಾರಾಯ್ರೆ, ನನ್ನ ತಲೆ ಮೇಲೆ ಎಂಥ ಇದೆ ಎಂಥ ಇಲ್ಲ ಅಂತ ನಿಮಗೆಲ್ಲ ಗೊತ್ತಿರೋದೇ, ಪೀಠಿಕೆ ಬೇಡ. ಬೆಳಗ್ಗೆ ಫ್ಯಾಮಿಲಿ ಗ್ರೂಪಲ್ಲಿ ಭಾವ ಒಂದು ವಿಡಿಯೋ ಹಾಕಿದಾರೆ. "ಬೋಳು ತಲೆಗೆ ಕೊನೆಗೂ ಸಿಕ್ತು ರಾಮಬಾಣ, 539% ಕೂದಲು!" ಹಿಂದೆ ಢಂಢಂ ಅಂತ ಮ್ಯೂಸಿಕ್ಕು, ಕೆಳಗೆ ನನ್ನ ಹೆಸರಿಗೆ ಟ್ಯಾಗು, ಅದರ ಕೆಳಗೆ ಸಾಲಾಗಿ ನಗೋ ಇಮೋಜಿಗಳು. ದೊಡ್ಡಮ್ಮಂದೂ ಇದೆ. ದೊಡ್ಡಮ್ಮಂಗೆ ಇಮೋಜಿ ಹಾಕೋದು ಯಾರು ಕಲಿಸಿದ್ರೋ, ಅವರು ಎದುರಿಗೆ ಸಿಗಲಿ.

ಸುದ್ದಿ ನಂಗೆ ಹೊಸದಲ್ಲ. ಕ್ಲಾಸ್ಕೊಟೆರೋನ್ ಅಂತ ಅದರ ಹೆಸರು, ಕಾಸ್ಮೋ ಅನ್ನೋ ಯುರೋಪಿನ ಕಂಪನಿದು, 2025ರ ಡಿಸೆಂಬರಿನಲ್ಲೇ ಹೇಳಿದ್ದು. ಡಿಎಚ್‌ಟಿ ಅನ್ನೋ ಹಾರ್ಮೋನು ನಮ್ಮಂಥೋರ ನೆತ್ತಿ ಕೂದಲಿನ ಬುಡಕ್ಕೆ ಅಂಟ್ಕೊಂಡು ವರ್ಷ ಹೋದಂಗೆ ಅದನ್ನ ಸಣ್ಣ ಮಾಡಿ ಮಾಡಿ ಕೊನೆಗೆ ನೂಲಿನಷ್ಟೂ ಇಲ್ಲದಂಗೆ ಮಾಡುತ್ತಲ್ಲ, ಈ ಮದ್ದು ಅದು ಅಂಟ್ಕೊಳ್ಳೋ ಜಾಗವನ್ನೇ ತಡೆಯುತ್ತೆ. ತಲೆಗೆ ಹಚ್ಚೋದು, ಮಾತ್ರೆ ಅಲ್ಲ. ಇದರದ್ದೇ 1% ಕ್ರೀಮು ಮೊಡವೆಗೆ ಅಂತ 2020ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ. ಕೂದಲಿಗೆ 5% ದ್ರಾವಣ, 1,400ಕ್ಕೂ ಹೆಚ್ಚು ಗಂಡಸರ ಮೇಲೆ ಎರಡು ಟ್ರಯಲ್ಲು. ಎರಡು! ಇದನ್ನ ಬೇಕಾದ್ರೆ ಎರಡು ಸಲ ಓದ್ಕೊಳ್ಳಿ.

ಯಾಕಂದ್ರೆ 539 ಬಂದಿದ್ದು ಒಂದರಲ್ಲಿ. ಅದೇ ಮದ್ದು, ಅದೇ ಡೋಸು, ಇನ್ನೊಂದು ಟ್ರಯಲ್ಲಲ್ಲಿ ಬಂದಿದ್ದು 168. ಆ 168ನ್ನ ಯಾವ ಭಾವನೂ ಫಾರ್ವರ್ಡ್ ಮಾಡಲ್ಲ. ಮತ್ತೆ 539 ಪರ್ಸೆಂಟ್ ಅಂದ್ರೆ ಹತ್ತು ಕೂದಲಿದ್ದೋನಿಗೆ ಅರವತ್ನಾಲ್ಕು ಬಂತು ಅಂತ ಅಲ್ಲ. ಮದ್ದೇ ಇಲ್ಲದ ಖಾಲಿ ದ್ರಾವಣ ಹಚ್ಚಿದೋರಿಗೆ ಅಷ್ಟು ಜಾಗದಲ್ಲಿ ಒಂದು ಕೂದಲು ಹೆಚ್ಚಿದ್ರೆ ಮದ್ದು ಹಚ್ಚಿದೋರಿಗೆ ಆರು ಚಿಲ್ಲರೆ ಹೆಚ್ಚಿತು, ಅಷ್ಟೇ ಅದರ ಅರ್ಥ. ಅದು ಒಂದಕ್ಕೆ ಆರೋ, ಐದಕ್ಕೆ ಮೂವತ್ತೋ ಅನ್ನೋದು ಪರ್ಸೆಂಟಲ್ಲಿ ಕಾಣಲ್ಲ. ಕನ್ನಡಿಯಲ್ಲಿ ಕಾಣೋದು ಮಾತ್ರ ಅದೇ. ನಾನು ಕಾಯ್ತಿರೋದು ಆ ಪೂರ್ತಿ ಲೆಕ್ಕಕ್ಕೆ, ಒಂದು ವರ್ಷ ಹಚ್ಚಿದೋರಿಗೆ ಏನೇನಾಯ್ತು ಅನ್ನೋದಕ್ಕೆ, ಆಮೇಲೆ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಕೊಡೋ ಎಫ್‌ಡಿಎ ಏನಂತದೆ ಅನ್ನೋದಕ್ಕೆ. ಕಾಯ್ತಾ ಇದೀನಿ ಅಂದ್ರೆ ನಗ್ತಾರೆ. ಸಿಕ್ಕೇಬಿಟ್ಟಿದೆ ಅಂತ ಸುಳ್ಳು ಹಂಚೋರನ್ನ ನೋಡಿ ಯಾರೂ ನಗಲ್ಲ. ನನ್ನ ಸಿಟ್ಟು ಇಷ್ಟೇ, ಇನ್ನು ಕೆಳಗೆ ಬರೆಯೋದೆಲ್ಲ ಇದನ್ನೇ ತಿರುವಿ ತಿರುವಿ ಬರೆಯೋದು, ಪುರುಸೊತ್ತಿಲ್ಲದವರು ಇಲ್ಲಿಗೇ ಲೈಕ್ ಒತ್ತಿ ಹೋಗಬಹುದು.

"ಅದಕ್ಯಾಕೆ ಟ್ರಯಲ್ಲು, ನಮ್ಮ ಅತ್ತಿಗೆಗೆ ಎಣ್ಣೆಯಲ್ಲೇ ಬಂತಲ್ಲ" ಅಂತ ಚಿಕ್ಕಮ್ಮ. ಬಂತು, ಇಲ್ಲ ಅಂದೋರು ಯಾರು. ಅತ್ತಿಗೆಗೆ ಬಾಣಂತನ ಆದ್ಮೇಲೆ ಉದುರಿತ್ತು. ಹೆರಿಗೆ ಆದಾಗ, ಡೆಂಗ್ಯೂ ಥರದ ಜ್ವರ ಬಂದಾಗ ಎಷ್ಟೋ ಕೂದ್ಲು ಒಟ್ಟಿಗೇ ಬೆಳೆಯೋದು ನಿಲ್ಲಿಸಿ, ಎರಡು ಮೂರು ತಿಂಗಳು ಕಳೆದ ಮೇಲೆ ಗೊಂಚಲುಗೊಂಚಲಾಗಿ ಉದುರ್ತಾವೆ, ಆಮೇಲೆ ತಾವಾಗೇ ಹುಟ್ತಾವೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಗರುಗದ ಸೊಪ್ಪು, ಒಂದೆಲಗ, ದಾಸವಾಳ ಎಲ್ಲ ಕೊಬ್ಬರಿ ಎಣ್ಣೆಗೆ ಬಿದ್ದು ಕುದ್ದಾಗಿರುತ್ತೆ, ಹೆಸರು ಎಣ್ಣೆಗೆ. ಅಪ್ಪ ಅಡಿಕೆಯ ಕೊಳೆ ರೋಗಕ್ಕೆ ಅಂತ ಬೋರ್ಡೋ ಔಷಧಿ ಹೊಡೆಸುವಾಗ ತೋಟದ ತುದಿಯಲ್ಲಿ ನಾಲ್ಕು ಮರ ಬೇಕಂತ್ಲೇ ಬಿಡಿಸ್ತಿದ್ರು. ಮಳೆ ಕಮ್ಮಿ ಇದ್ದ ವರ್ಷ ಹೊಡೆದ ಮರಕ್ಕೂ ಕೊಳೆ ಇಲ್ಲ, ಬಿಟ್ಟ ಮರಕ್ಕೂ ಇಲ್ಲ. ಬಿಟ್ಟ ಮರ ನೋಡದೆ ಔಷಧಿ ಹೊಗಳಬೇಡ ಅಂತಿದ್ರು. ಟ್ರಯಲ್ಲಲ್ಲಿ ಹಚ್ಚೋ ಆ ಖಾಲಿ ದ್ರಾವಣಕ್ಕೆ ಪ್ಲಸೀಬೊ ಅಂತಾರಲ್ಲ, ಅದು ಅಂದ್ರೆ ಆ ನಾಲ್ಕು ಮರ ಕಣ್ರೀ. ನಮ್ಮ ಮನೆಯ ಎಣ್ಣೆ ಪಂಡಿತರಲ್ಲಿ ಒಬ್ಬರಾದ್ರೂ ಬಿಟ್ಟ ಮರ ತೋರಿಸಿ, ಆಮೇಲೆ ಮಾತಾಡೋಣ.

ಇನ್ನು ಊರಲ್ಲಿ ತಲೆ ಎತ್ತಿರೋ ಕ್ಲಿನಿಕ್ಕುಗಳು. ಒಂದಕ್ಕೆ ಹೋಗಿದ್ದೆ, ಎಲ್ಲಿ ಅಂತ ಹೇಳಲ್ಲ. ಕ್ಯಾಮೆರಾ ಹಿಡಿದು ನನ್ನ ನೆತ್ತಿನ ಟಿವಿ ಪರದೆ ತುಂಬ ತೋರಿಸಿದ್ರು, ಬೇಸಿಗೆಯಲ್ಲಿ ಹೆಲಿಕಾಪ್ಟರಿಂದ ತುಂಗಾ ನದಿ ತೆಗೆದಂಗಿತ್ತು. ಆಮೇಲೆ ನನ್ನದೇ ರಕ್ತ ತೆಗೆದು ಗಿರಗಿರ ತಿರುಗಿಸಿ ನನ್ನ ತಲೆಗೇ ಚುಚ್ಚೋ ಪ್ಯಾಕೇಜು, ಇಎಂಐ ಬೇರೆ. ಗ್ಯಾರಂಟಿ ಕೊಡ್ತೀರಾ ಅಂದ್ರೆ ಆ ಹುಡುಗಿ "ಪಾಸಿಟಿವ್ ಆಗಿ ಯೋಚ್ನೆ ಮಾಡಿ ಸರ್" ಅಂದ್ಳು. ಮಾರಾಯ್ತಿ, ಪಾಸಿಟಿವ್ ಆಗಿ ಯೋಚಿಸಿದ್ರೆ ಕೂದ್ಲು ಬರೋದಾದ್ರೆ ನಂಗೆ ಇಷ್ಟೊತ್ತಿಗೆ ಜಡೆ ಇರ್ತಿತ್ತು. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ, ಇಂಥಿಂಥ ಕಾಯಿಲೆ ವಾಸಿ ಮಾಡ್ತೀವಿ ಅಂತ ಯಾವ ಔಷಧಿಯವರೂ ಹೇಳ್ಕೋಬಾರ್ದು ಅನ್ನೋ ಪಟ್ಟಿ. ಬೋಳುತನ ಅದರಲ್ಲಿ ಹೆಸರು ಸಮೇತ ಇದೆ. ಆದ್ರೆ ಯೂಟ್ಯೂಬ್ ತೆಗೆದ್ರೆ ಮೊದಲು ಬರೋದೇ ಹದಿನೈದು ದಿನದಲ್ಲಿ ಬೋಳಿಗೆ ಬೈ ಬೈ.

ಇರೋ ಮದ್ದು ತಗೋ ಅಂತೀರಿ. ಇರೋದು ಎಂಥ? ಮಿನಾಕ್ಸಿಡಿಲ್, ಮೊದಲು ಬಿಪಿ ಮಾತ್ರೆ, ನುಂಗಿದೋರಿಗೆ ಮೈಯೆಲ್ಲ ಕೂದ್ಲು ಬಂತು ಅಂತ ತಲೆಗೆ ತಿರುಗಿಸಿದ್ರು, 1988ರಲ್ಲಿ. ಫಿನಾಸ್ಟರೈಡ್, ಪ್ರಾಸ್ಟೇಟ್ ಊದಿದೋರಿಗೆ ಅಂತ ಬಂದಿದ್ದು, 1997ರಲ್ಲಿ ಕೂದಲಿಗೂ ಆಯ್ತು. ಅಷ್ಟೇ. ಗಂಡಸರ ಈ ಬೋಳಿಗೆ ಅಮೆರಿಕದಲ್ಲಿ ಅದಾದ ಮೇಲೆ ಹೊಸ ಔಷಧಿನೇ ಒಪ್ಪಿಗೆ ಆಗಿಲ್ಲ. ನಾನು ಮಿನಾಕ್ಸಿಡಿಲ್ ಹಚ್ತೀನಿ, ಶುರುವಿನಲ್ಲಿ ಅದು ಇರೋದನ್ನೂ ಉದುರಿಸಿದಾಗ ಅಳು ಬಂದಿತ್ತು, ಈಗ ಇರೋದು ಇದೆ, ಬಿಟ್ರೆ ಅದೂ ಹೋಗುತ್ತೆ. ಫಿನಾಸ್ಟರೈಡ್ ತುಂಬ ಜನಕ್ಕೆ ಏನೂ ತೊಂದ್ರೆ ಮಾಡಲ್ಲ, ಕೆಲವರಿಗೆ ಮಾಡುತ್ತೆ, ಯಾವ ಥರದ ತೊಂದ್ರೆ ಅಂತ ಗೂಗಲ್ ಮಾಡ್ಕೊಳ್ಳಿ, ದೊಡ್ಡಮ್ಮ ಇಲ್ಲೂ ಫ್ರೆಂಡ್ ಲಿಸ್ಟಲ್ಲಿದಾರೆ.

ಆಸೆ ಹುಟ್ಟಿಸಿ ಕೈಕೊಟ್ಟಿದ್ದೂ ಇದೆ. 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಬೋಳು ನೆತ್ತಿಯಲ್ಲಿ ಪ್ರೊಸ್ಟಗ್ಲಾಂಡಿನ್ ಡಿ2 ಅನ್ನೋ ರಾಸಾಯನಿಕ ಜಾಸ್ತಿ ಇರುತ್ತೆ ಅಂತ ಕಂಡುಹಿಡಿದ್ರು, ಪೇಪರ್ ತುಂಬ ಅದೇ ಸುದ್ದಿ. ಆಗ ನಂಗೆ ದಂಡಿಯಾಗಿ ಕೂದ್ಲಿತ್ತು, ಪೇಪರ್ ಮಡಚಿ ಇಟ್ಟಿದ್ದೆ. ಅದನ್ನ ತಡೆಯೋ ಸೆಟಿಪಿಪ್ರೆಂಟ್ ಅನ್ನೋ ಮಾತ್ರೆ ಟ್ರಯಲ್ಲಿಗೆ ಹೋಯ್ತು, ಖಾಲಿ ಮಾತ್ರೆಗಿಂತ ಏನೂ ಹೆಚ್ಚು ಮಾಡ್ಲಿಲ್ಲ, ಮುಗೀತು. ಈಗ ಪಿಪಿ405 ಅಂತ ಇನ್ನೊಂದಿದೆ, ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ವಿಜ್ಞಾನಿಗಳ ಕೆಲಸ, ಕೂದಲಿನ ಬುಡದಲ್ಲಿ ಸುಮ್ನೆ ಬಿದ್ಕೊಂಡಿರೋ ಸ್ಟೆಮ್ ಸೆಲ್, ಅಂದ್ರೆ ಹೊಸ ಕೂದ್ಲು ಹುಟ್ಟಿಸೋ ಜೀವಕೋಶ, ಅದನ್ನ ಎಬ್ಬಿಸೋ ಜೆಲ್ಲು. 2025ರ ಫಲಿತಾಂಶದಲ್ಲಿ, ಹೆಚ್ಚು ಉದುರಿದ ಗಂಡಸರಲ್ಲಿ 31% ಜನಕ್ಕೆ ಎಂಟು ವಾರಕ್ಕೆ ಕೂದಲಿನ ಸಾಂದ್ರತೆ 20%ಗಿಂತ ಜಾಸ್ತಿ ಏರಿತ್ತು. ಇದರ ಮೇಲೆ ನಂಗೆ ಸ್ವಲ್ಪ ಪ್ರೀತಿ ಜಾಸ್ತಿ, ನಿಜ ಹೇಳ್ತೀನಿ. ರಾತ್ರಿ ಎಲ್ಲ ಮಲಗಿದ ಮೇಲೆ ಇದರ ಹೆಸರು ಹೊಡೆದು ಹೊಸದೇನಾದ್ರೂ ಬಂತಾ ಅಂತ ನೋಡ್ತೀನಿ, ಮೊದಲ ಹುಡುಗಿ ಸ್ಟೇಟಸ್ ನೋಡ್ತಿದ್ದ ಹಾಗೇ. ಆದ್ರೂ ಅದು ಸಣ್ಣ ಟ್ರಯಲ್ಲು, ದೊಡ್ಡದು ಆಗೋವರೆಗೆ ನಾನು ಬಾಯಿ ಬಿಡಲ್ಲ. ಭಾವ ಬಿಡ್ತಾರೆ.

ಗೆಳೆಯ ಒಬ್ಬ, ಸೊರಬದವನು, ಸರಿಯಾಗೇ ಬೈದ. 1957ರಲ್ಲಿ ಅವರ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಗುರುತಾಗಿದ್ದು, ಇವತ್ತಿಗೂ ಬೇಸಿಗೆ ಬಂದ್ರೆ ಉಣುಗು ಕಚ್ಚಿ ಜನ ಸಾಯ್ತಾರೆ, ಇದ್ದ ಲಸಿಕೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿದಾರೆ, ಹೊಸದರ ತಯಾರಿ ಇನ್ನೂ ನಡೀತಿದೆ. "ಅದಕ್ಕೆ ಕಾಯೋದು ಬಿಟ್ಟು ಕೂದಲಿಗೆ ಕಾಯ್ತೀಯಲ್ಲ, ನಾಚ್ಕೆ ಆಗಲ್ವಾ" ಅಂದ. ಮಾತು ಸರಿ. ತರಗೆಲೆ ಗುಡಿಸೋಕೆ ಹೋಗಿ ಜ್ವರ ಹತ್ತಿಸ್ಕೊಂಡು ಬಂದೋರ ಮುಂದೆ ನನ್ನ ನೆತ್ತಿ ಯಾವ ಲೆಕ್ಕ. ಆದ್ರೆ ನಾನು ಬೋಳಾಗಿ ಸುಮ್ನೆ ಕೂತ್ರೆ ಲಸಿಕೆ ಒಂದು ದಿನ ಬೇಗ ಬರುತ್ತಾ? ಎರಡಕ್ಕೂ ಕಾಯ್ತೀನಪ್ಪ, ಕಾಯೋಕೆ ಟ್ಯಾಕ್ಸ್ ಇಲ್ಲ. ಇಷ್ಟಕ್ಕೂ ಇವನಿಗೆ ಹಣೆ ಹುಬ್ಬಿನ ಮೇಲೆ ಎರಡು ಬೆರಳೂ ಇಲ್ಲ, ಇವನ ಉಪದೇಶ ನಾನು ಕೇಳೋದಾ.

ಮತ್ತೆ "ಗಂಡಸಿಗೆ ಯಾಕೋ ಕೂದ್ಲು" ಅನ್ನೋರೇ, ಮಲೆನಾಡಲ್ಲಿ ತೋಟ ಇರೋ ಹುಡುಗರಿಗೇ ಹೆಣ್ಣು ಸಿಗ್ತಿಲ್ಲ ಅಂತ ನಿಮಗೂ ಗೊತ್ತು. ಹೋದ ವರ್ಷ ಕೊಪ್ಪದ ಕಡೆ ಹೆಣ್ಣು ನೋಡೋಕೆ ಹೋದಾಗ ಅವರಜ್ಜಿ ಕಾಫಿ ಕೊಡ್ತಾ ಅಪ್ಪನ ಹತ್ರ "ಹುಡುಗ ಬಂದಿಲ್ವಾ" ಅಂತ ಕೇಳಿದ್ರು. ನಾನು ಅಪ್ಪನ ಪಕ್ಕದಲ್ಲೇ ಕೂತಿದ್ದೆ. ಇದನ್ನ ಇಲ್ಲಿವರೆಗೆ ಯಾರಿಗೂ ಹೇಳಿರ್ಲಿಲ್ಲ.

ಹಾಗಾಗಿ ಭಾವ, ನೀವು ಇದನ್ನ ಓದೇ ಓದ್ತೀರಿ, ಮುಂದಿನ ಸಲ ವಿಡಿಯೋ ಹಾಕುವಾಗ 168ನ್ನೂ ಸೇರಿಸಿ ಹಾಕಿ. ಉಳಿದವರು ಕಾಮೆಂಟಲ್ಲಿ ಏನು ಬೇಕಾದ್ರೂ ಬೈರಿ, ಈರುಳ್ಳಿ ರಸ ಅಂತ ಬರೆದೋರನ್ನ ಮಾತ್ರ ಮುಲಾಜಿಲ್ಲದೆ ಬ್ಲಾಕ್ ಮಾಡ್ತೀನಿ. ಹಚ್ಚಿ ನೋಡಿದೀನಿ. ಆಫೀಸಲ್ಲಿ ಪಕ್ಕದ ಸೀಟಿನ ಮೇಡಂ ಮಧ್ಯಾಹ್ನದವರೆಗೆ ತಡ್ಕೊಂಡು, ಆಮೇಲೆ "ಯಾರ ಡಬ್ಬಿಯಲ್ಲಿ ಪಕೋಡ ಇದೆ" ಅಂತ ಕೇಳಿದ್ರು.